ಹೊಂಗೆ ನೆರಳಿನ ಗಾಡಿಗಳು

ಮಾರಾಟಕ್ಕೆ ನಿಂತ ಹಳೇ ಕಾರನ್ನು ಗುರುತಿಸಲು ಬೋರ್ಡು ಬೇಕಾಗಿಲ್ಲ. ಟೈರುಗಳು ಪಾಲಿಶ್ ಕಂಡು ಕಪ್ಪಗೆ ಮಿರುಗುತ್ತಿರುತ್ತವೆ, ಅದೇ ಟೈರಿನ ಬುಡದಲ್ಲಿ ಚಪ್ಪಡಿಕಲ್ಲಿನ ಸಂದಿಯಿಂದ ಹುಲ್ಲು ಎದ್ದಿರುತ್ತದೆ. ವೈಪರ್ ಕಡ್ಡಿಗಳು ಗಾಜು ಬಿಟ್ಟು ಮೇಲೆ ನಿಂತಿರುತ್ತವೆ. ಪಕ್ಕದ ಕನ್ನಡಿಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದರೆ ಹತ್ತಿರದಲ್ಲೆಲ್ಲೋ ಸೂರಕ್ಕಿ ಸಂಸಾರ ಹೂಡಿದೆ ಎಂದು ತಿಳಿಯಬೇಕು. ಗೂಡು ಕಟ್ಟುವ ಕಾಲದಲ್ಲಿ ಗಂಡು ಸೂರಕ್ಕಿಗೆ ಕನ್ನಡಿಯೊಳಗಿನ ತನ್ನ ಬಿಂಬವೇ ವೈರಿ. ಅದನ್ನು ಕುಕ್ಕಿ ಕುಕ್ಕಿ, ಬಾಗಿಲ ಮೇಲೆಲ್ಲ ಹಿಕ್ಕೆ ಹಾಕಿ, ಬಣ್ಣ ನೋಡಲು ಬಂದ ಗಿರಾಕಿ ಮುಖ ಕಿವುಚುವಂತೆ ಮಾಡುತ್ತದೆ.

ಎಲ್ಲಕ್ಕಿಂತ ನಂಬಿಕಸ್ಥ ಗುರುತು ಮುಂದಿನ ಗಾಜಿನ ಬುಡದ ಜಾಲರಿಯಲ್ಲಿದೆ. ಕಾರು ತೊಳೆಯುವ ಹುಡುಗರು ಬಾನೆಟ್ ಉಜ್ಜುತ್ತಾರೆ, ಗಾಜು ಉಜ್ಜುತ್ತಾರೆ, ಈ ಸಂದಿಗೆ ಮಾತ್ರ ಕೈ ಹಾಕುವುದಿಲ್ಲ. ಬಾನೆಟ್ ಎತ್ತಿದರೆ ಅಲ್ಲಿ ಕಸ ಪದರ ಪದರವಾಗಿ ಕೂತಿರುತ್ತದೆ. ಮೇಲೆ ಹೊಂಗೆಯ ಹೂ, ಅದರ ಕೆಳಗೆ ಟಬೆಬುಯಾದ ಬಣ್ಣಗೆಟ್ಟ ಎಸಳು, ತಳದಲ್ಲಿ ಆಕಾಶಮಲ್ಲಿಗೆಯ ಒಣಗಿದ ಉದ್ದ ನಳಿಗೆ. ಹಾಗಿದ್ದರೆ ಆ ಕಾರು ಕಾರ್ತಿಕದಿಂದ ಚೈತ್ರದವರೆಗೆ ಮಿಸುಕಿಲ್ಲ. ‘ಮೊನ್ನೆ ತನಕ ದಿನಾ ಓಡಿಸ್ತಿದ್ರು ಸಾರ್’ ಎಂದು ಡೀಲರ್ ಹೇಳುತ್ತಿದ್ದರೂ ಮರಗಳ ಸಾಕ್ಷಿ ಬೇರೆ. ಕಸದ ಜೊತೆ ಅತ್ತಿಬೀಜ ಬೆರೆತ ಹಿಕ್ಕೆ ಸಿಕ್ಕರೆ ಬಾವಲಿಗಳು ಮೇಯುವ ಮರದಡಿ ನಿಂತ ಗಾಡಿ. ವೈರುಗಳ ಪ್ಲಾಸ್ಟಿಕ್ ಸಿಪ್ಪೆ ಪುಡಿಯಾಗಿ ಬಿದ್ದಿದ್ದರೆ ಹೆಗ್ಗಣವೋ ಇಲಿಯೋ ಬಾಡಿಗೆಗಿತ್ತು.

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೇ ಕಾರಿನ ವ್ಯಾಪಾರವನ್ನು ನಾನು ನೋಡಿಕೊಂಡು ಬಂದಿರುವುದು ಹಕ್ಕಿ ನೋಡುವವರ ಅಭ್ಯಾಸದಲ್ಲೇ: ಅದೇ ದಾರಿ, ಅದೇ ಹೊತ್ತು, ಜೇಬಿನಲ್ಲೊಂದು ಪುಸ್ತಕ. ಮೊದಮೊದಲು ಬರೆದುಕೊಂಡದ್ದು ನಂಬರ್ ಪ್ಲೇಟು, ಮರ, ನಿಂತ ಜಾಗ. ಆಮೇಲೆ ಮಾರುವವರ ಕೈಯಲ್ಲಿ ಏನಿದೆ ಎಂದೂ ಬರೆಯತೊಡಗಿದೆ. ಮೂರೂ ಬಡಾವಣೆ ಒಂದೇ ಊರಿನವು, ವ್ಯಾಪಾರವೂ ಒಂದೇ. ಆದರೆ ಒಬ್ಬನ ಕೈಯಲ್ಲಿ ಸ್ಕ್ಯಾನರ್, ಇನ್ನೊಬ್ಬನ ಕೈಯಲ್ಲಿ ಹೋದ ವರ್ಷದ ಡೈರಿ. ಇದಕ್ಕೆ ವಯಸ್ಸು, ಓದು, ಸೋಮಾರಿತನ ಎಂಬ ಸುಲಭದ ಉತ್ತರಗಳನ್ನು ಎಲ್ಲರೂ ಕೊಡುತ್ತಾರೆ. ಅವು ಯಾವುವೂ ನನ್ನ ಪುಸ್ತಕದ ಜೊತೆ ತಾಳೆಯಾಗುವುದಿಲ್ಲ.

ಈ ಬಡಾವಣೆಗಳು ಕಾರಿಗಾಗಿ ಹುಟ್ಟಿದವಲ್ಲ. ಚಾಮರಾಜಪೇಟೆ 1892ರದು, ಐದು ಮುಖ್ಯರಸ್ತೆ, ಒಂಬತ್ತು ಅಡ್ಡರಸ್ತೆ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು 1898ರ ಪ್ಲೇಗು ಪೇಟೆಯ ಜನರನ್ನು ಹೊರಕ್ಕೆ ಅಟ್ಟಿದ ಮೇಲೆ. ಮನೆಗಳ ಬೆನ್ನಿಗೆ, ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳಿವೆ. ಹೊರಿಸಿದವರ ಮೊಮ್ಮಕ್ಕಳ ಕಾರುಗಳು ಈಗ ಅಲ್ಲಿ ನಿಲ್ಲುತ್ತವೆ, ಅವುಗಳ ನಡುವೆ ಮಾರಾಟದ ಗಾಡಿಗಳೂ. ಷೋರೂಮ್ ಇಲ್ಲದ ಡೀಲರಿಗೆ ಗಲ್ಲಿಯೇ ಗೋಡೌನು, ಅಡ್ಡರಸ್ತೆಯ ಹೊಂಗೆ ನೆರಳೇ ಅಂಗಡಿ.

ಬಸವನಗುಡಿಯಲ್ಲಿ ಕೆಎ-05 ಹೆಚ್ಚು. ಜಯನಗರದ ಆರ್‌ಟಿಒ ಕೊಟ್ಟದ್ದು. ಈಗಲೂ ಕೆಲವು ಕಾಂಪೌಂಡುಗಳೊಳಗೆ ಟಾರ್ಪಾಲು ಹೊದ್ದ, ಸಿಎಎ ಎಂದು ಶುರುವಾಗುವ ನಂಬರಿನ ಗಾಡಿಗಳಿವೆ. ಮಾರಾಟಕ್ಕೆ ಬರುವುದು ಸ್ಯಾಂಟ್ರೊ, ವ್ಯಾಗನ್ ಆರ್, ಆಲ್ಟೊ. ಯಾವಾಗಲಾದರೊಮ್ಮೆ ಹಣ್ಣಾದ ಮಾರುತಿ 800. ಗಾಂಧಿ ಬಜಾರು, ದೇವಸ್ಥಾನ, ಡಾಕ್ಟರ ಮನೆ ಇಷ್ಟೇ ಸುತ್ತಿದ ಗಾಡಿಗಳು. ಮಾರುವವರಿಗೆ ಎಪ್ಪತ್ತು ದಾಟಿರುತ್ತದೆ, ಮಕ್ಕಳು ಹೊರದೇಶದಲ್ಲಿರುತ್ತಾರೆ.

ಇಲ್ಲಿನ ಒಬ್ಬ ಹಿರಿಯ ಬ್ರೋಕರ್ ಡಿವಿಜಿ ರಸ್ತೆಯ ಕಾಫಿ ಅಂಗಡಿಯ ಮುಂದೆ ಬೆಳಗ್ಗೆ ನಿಂತಿರುತ್ತಾರೆ. ಅವರ ಡೈರಿಯಲ್ಲಿ ಮನೆ, ಗಾಡಿ, ತೆಗೆದುಕೊಂಡ ವರ್ಷ ಇದೆ. ಅದರ ಪಕ್ಕದ ಕಾಲಮ್ಮಿನಲ್ಲಿ ನಾನು ನಿರೀಕ್ಷಿಸದ ಸಂಗತಿಗಳಿದ್ದವು: ಯಾರಿಗೆ ಕಣ್ಣಿನ ಆಪರೇಷನ್ ಆಯಿತು, ಯಾರ ಮಗಳು ಬಾಣಂತನಕ್ಕೆ ಅಮೆರಿಕಕ್ಕೆ ಕರೆಸಿಕೊಂಡಳು, ಯಾವ ಮನೆಯ ಡ್ರೈವರ್ ಬಿಟ್ಟ. ‘ರಾಯರು ಹೋದ ವಾರ ಗೇಟಿಗೆ ಉಜ್ಜಿದ್ರು ಸ್ವಾಮಿ. ಯುಗಾದಿ ಒಳಗೆ ಗಾಡಿ ಬರುತ್ತೆ’ ಎಂದರು. ಯುಗಾದಿಗೆ ಮುಂಚೆಯೇ ಬಂತು. ಯಾವ ಆ್ಯಪು ಇಷ್ಟು ಮುಂಚಿತವಾಗಿ ಹೇಳೀತು?

ಹಾಗೆಂದು ಅವರು ಯಂತ್ರ ಮುಟ್ಟದವರಲ್ಲ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದಿನವೂ ಗಾಡಿಯ ಫೋಟೊ ಇರುತ್ತದೆ. ಮಾರುವ ಮನೆಯ ಮಗ ನ್ಯೂಜೆರ್ಸಿಯಿಂದ ವಿಡಿಯೊ ಕಾಲ್‌ನಲ್ಲಿ ಬಂದು ಅಪ್ಪನ ಬದಲು ಚೌಕಾಸಿ ಮಾಡುವುದು ಅವರಿಗೆ ರೂಢಿಯಾಗಿಬಿಟ್ಟಿದೆ. ವಿಡಿಯೊ ಕಾಲನ್ನು ಈ ಬೀದಿಯ ವ್ಯಾಪಾರಕ್ಕೆ ತಂದವರು ಡೀಲರುಗಳಲ್ಲ, ಮಾರುವವರ ಮಕ್ಕಳು. ಹಣ ಯುಪಿಐಯಲ್ಲೋ ಬ್ಯಾಂಕಿನಲ್ಲೋ ಬರುತ್ತದೆ. ಆದರೆ ಸ್ಟೇಟಸ್ಸಿನ ಫೋಟೊದಲ್ಲಿ ಬೆಲೆ ಎಂದೂ ಇರುವುದಿಲ್ಲ. ‘ಫೋನ್ ಮಾಡ್ಲಿ, ಧ್ವನಿ ಕೇಳಿ ಹೇಳ್ತೀನಿ’ ಎನ್ನುತ್ತಾರೆ. ಬೆಲೆ ಹಾಕಿದರೆ ಮಾರಿದ ರಾಯರೂ ಅದನ್ನು ನೋಡುತ್ತಾರಲ್ಲ!

ಬುಲ್ ಟೆಂಪಲ್ ರಸ್ತೆಯ ಏರು ಇಳಿದು, ಸಾಹಿತ್ಯ ಪರಿಷತ್ತಿನ ಕಟ್ಟಡ ದಾಟಿ ಮುಂದೆ ಹೋದರೆ ಶಬ್ದವೇ ಬದಲಾಗುತ್ತದೆ. ಕುಟ್ರುಹಕ್ಕಿಯ ಕೂಗಿನ ಜೊತೆಗೆ ಟಿಂಕರಿಂಗ್ ಸುತ್ತಿಗೆಯ ಟಣ್ ಟಣ್ ಸೇರಿಕೊಳ್ಳುತ್ತದೆ. ಚಾಮರಾಜಪೇಟೆಯ ಒಂದು ಪಕ್ಕದಲ್ಲಿ ಮೈಸೂರು ರಸ್ತೆಯ ಗ್ಯಾರೇಜುಗಳು, ಇನ್ನೊಂದು ಪಕ್ಕದಲ್ಲಿ ಕಲಾಸಿಪಾಳ್ಯ, ಅದರಾಚೆ ಬಿಡಿಭಾಗಗಳ ಜೆ.ಸಿ. ರಸ್ತೆ, ಸ್ವಲ್ಪ ನಡೆದರೆ ಎಲೆಕ್ಟ್ರಾನಿಕ್ ಸಾಮಾನಿನ ಎಸ್‌ಪಿ ರಸ್ತೆ. ಇಲ್ಲಿ ಡೀಲರ್ ಎಂದರೆ ಬಹುಪಾಲು ಮೆಕ್ಯಾನಿಕ್ಕೇ: ಕೆಟ್ಟ ಗಾಡಿ ತೆಗೆದುಕೊಂಡು, ಸರಿಮಾಡಿ, ಮಾರುವವನು. ಮಾತು ಕನ್ನಡದಲ್ಲಿ ಶುರುವಾಗಿ ಉರ್ದುವಿನಲ್ಲಿ ಚೌಕಾಸಿಯಾಗಿ ತಮಿಳಿನಲ್ಲಿ ಮುಗಿಯುವುದುಂಟು.

ಹವಾನಿಯಂತ್ರಿತ ಷೋರೂಮಿಗಿಂತ ಮೊದಲು ನಾನು ಸ್ಕ್ಯಾನರ್ ನೋಡಿದ್ದು ಇಲ್ಲಿನ ಒಂದು ತಗಡಿನ ಶೆಡ್ಡಿನಲ್ಲಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟಿಯರಿಂಗ್ ಕೆಳಗಿನ ಹದಿನಾರು ತೂತಿನ ಸಾಕೆಟ್ಟಿಗೆ ಚುಚ್ಚಿದರೆ ಬ್ಲೂಟೂತಿನಲ್ಲಿ ಮೊಬೈಲಿಗೆ ಮಾತಾಡುತ್ತದೆ. ಭಾರತದಲ್ಲಿ ಬಿಎಸ್-4 ಕಾರುಗಳಿಗೆ ಈ ಒಬಿಡಿ-2 ವ್ಯವಸ್ಥೆ ಪೂರ್ತಿಯಾಗಿ ಕಡ್ಡಾಯವಾದದ್ದು 2013ರ ಏಪ್ರಿಲ್‌ನಲ್ಲಿ. ಅಲ್ಲಿಗೆ ಅರ್ಧ ಒಗಟು ಬಿಡಿಸಿಕೊಂಡಿತು. ಬಸವನಗುಡಿಯ ಹಿರಿಯರ 2004ರ ಸ್ಯಾಂಟ್ರೊಗೆ ಈ ಡಬ್ಬಿಯಿಂದ ದೊಡ್ಡ ಉಪಯೋಗವಿಲ್ಲ. ಚಾಮರಾಜಪೇಟೆಗೆ ಬರುವ 2015ರ ಸ್ವಿಫ್ಟ್ ಡೀಸೆಲ್ಲಿಗೆ ಅದಿಲ್ಲದೆ ನಡೆಯುವುದಿಲ್ಲ. ಡೀಲರ್ ಹಳಬನೋ ಹೊಸಬನೋ ಎಂಬುದಕ್ಕಿಂತ ಗಾಡಿ ಯಾವ ಇಸವಿಯದು ಎಂಬುದೇ ಯಂತ್ರವನ್ನು ಕರೆತರುತ್ತದೆ.

ಆ ಶೆಡ್ಡಿನಲ್ಲಿ ಕಲಿತದ್ದು ಬಹಳ. ಮಾರುವವನು ಎಂಜಿನ್ ಲೈಟು ಉರಿಯದಂತೆ ದೋಷದ ಕೋಡುಗಳನ್ನು ಅಳಿಸಿ ತಂದಿರುತ್ತಾನೆ. ಕೋಡು ಅಳಿಸಿದರೆ ಗಾಡಿ ತನ್ನನ್ನು ತಾನು ಪರೀಕ್ಷೆ ಮಾಡಿಕೊಂಡ ದಾಖಲೆಯೂ ಅಳಿಸಿಹೋಗುತ್ತದೆ. ಮತ್ತೆ ಸಾಕಷ್ಟು ಓಡಿದ ಮೇಲಷ್ಟೇ ಅದು ತುಂಬಿಕೊಳ್ಳುವುದು. ಆದ್ದರಿಂದ ‘ಯಾವ ದೋಷವೂ ಇಲ್ಲ, ಯಾವ ಪರೀಕ್ಷೆಯೂ ಮುಗಿದಿಲ್ಲ’ ಎಂದು ತೋರಿಸುವ ಗಾಡಿಯೇ ಎಲ್ಲಕ್ಕಿಂತ ಅನುಮಾನದ್ದು. ‘ನಿನ್ನೆ ರಾತ್ರಿ ಸ್ನಾನ ಮಾಡಿಸ್ಕೊಂಡು ಬಂದಿದೆ ಭಾಯ್’ ಎಂದು ಅಲ್ಲಿನ ಹುಡುಗ ನಕ್ಕ. ಮೀಟರ್ ತಿರುಗಿಸಿದ್ದನ್ನೂ ಕೆಲವು ಗಾಡಿಗಳಲ್ಲಿ ಹಿಡಿಯಬಹುದು. ಡ್ಯಾಶ್‌ಬೋರ್ಡಿನ ಅಂಕಿ ಬದಲಾಯಿಸಿದವರು ಒಳಗಿನ ಇನ್ನೊಂದು ಕಂಟ್ರೋಲ್ ಯೂನಿಟ್ಟಿನಲ್ಲಿ ಉಳಿದ ಲೆಕ್ಕವನ್ನು ಮರೆತಿರುತ್ತಾರೆ. ತಿರುಗಿಸುವ ಉಪಕರಣ ಸಿಗುವುದೂ ಹಿಡಿಯುವ ಉಪಕರಣ ಸಿಗುವುದೂ ಒಂದೇ ಬಗೆಯ ಅಂಗಡಿಯಲ್ಲಿ ಎಂಬುದನ್ನು ಇಲ್ಲಿ ಸೇರಿಸಬೇಕು.

ಬಣ್ಣದ ದಪ್ಪ ಅಳೆಯುವ ಮೀಟರೂ ಇವರ ಬಳಿ ಇದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸು. ಪುಟ್ಟಿ ಮೆತ್ತಿದ ಜಾಗದಲ್ಲಿ ಅಂಕಿ ಹಲವು ಪಟ್ಟು ಏರುತ್ತದೆ. ಆದರೂ ಮೊದಲು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿ, ಆಮೇಲೆ ಮೀಟರ್ ಇಡುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಕೆರೆಯಾದಾಗ ಮುಳುಗಿದ ಗಾಡಿಗಳು ತಿಂಗಳುಗಳ ಮೇಲೆ ಒಣಗಿ ತೊಳೆದುಕೊಂಡು ಮಾರುಕಟ್ಟೆಗೆ ಬಂದವು. ಅವನ್ನು ಹಿಡಿಯಲು ಯಂತ್ರ ಬೇಕಾಗಲಿಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದರೆ ಸಾಕು, ಯಾರೂ ತೊಳೆಯದ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇರುತ್ತದೆ.

ಮಲ್ಲೇಶ್ವರದ ಟಿಪ್ಪಣಿ ಚಿಕ್ಕದು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳ ಮರಗಳ ಬಗ್ಗೆ ಬರೆದದ್ದೇ ಪುಸ್ತಕದಲ್ಲಿ ಹೆಚ್ಚು. ಇಲ್ಲಿ ಕೆಎ-02, ಕೆಎ-04. ಬ್ರೋಕರಿಗೆ ಮಹಡಿ ಮೇಲೊಂದು ಪುಟ್ಟ ಆಫೀಸು, ಮೇಜಿನ ಮೇಲೆ ಎರಡು ಮೊಬೈಲು. ಗಿರಾಕಿ ಯಶವಂತಪುರ, ರಾಜಾಜಿನಗರದ ಹೊಸ ಫ್ಲ್ಯಾಟುಗಳ ಕೆಲಸಸ್ಥ ಜೋಡಿ. ಬರುವ ಮೊದಲೇ ಹತ್ತು ಕಡೆ ಬೆಲೆ ನೋಡಿಕೊಂಡು ಬಂದಿರುತ್ತಾರೆ. ಹಾಗಾಗಿ ಬೆಲೆ ಮುಚ್ಚಿಟ್ಟರೆ ಇಲ್ಲಿ ಫೋನೇ ಬರುವುದಿಲ್ಲ. ಓಎಲ್‌ಎಕ್ಸ್‌ನಲ್ಲಿ ಬೆಲೆ ಸಮೇತ ಹಾಕುವುದನ್ನು ಮೂರೂ ಕಡೆಯವರಲ್ಲಿ ಮೊದಲು ಒಪ್ಪಿಕೊಂಡವರು ಇವರೇ. ಅದಕ್ಕಿಂತ ಮುಖ್ಯ, ಗಿರಾಕಿಗೆ ಸಾಲ ಬೇಕು. ಹತ್ತು ವರ್ಷ ದಾಟಿದ ಗಾಡಿಗೆ ಸಾಲ ಸಿಗುವುದು ಕಷ್ಟ, ಆದ್ದರಿಂದ ಇಲ್ಲಿ ಎಳೆಯ ಗಾಡಿಗಳೇ. ಸಾಲ ಬಂದರೆ ಅದರ ಹಿಂದೆಯೇ ಫೈನಾನ್ಸಿನವರ ವ್ಯಾಲ್ಯುಯೇಟರ್ ಬರುತ್ತಾನೆ, ಅವನ ಆ್ಯಪು ಬರುತ್ತದೆ, ಬಿಲ್ಲು ಬರುತ್ತದೆ. ಬಸವನಗುಡಿಯ ನಗದು ಗಿರಾಕಿಯ ಹಿಂದೆ ಯಾರೂ ಬರುವುದಿಲ್ಲ.

ಈ ಮೂರು ಕಡೆಯ ಟಿಪ್ಪಣಿಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ತೋರಿದ್ದು ಇಷ್ಟು. ಹಳೇ ಕಾರಿನ ವ್ಯಾಪಾರ ನಿಂತಿರುವುದು ಗುಟ್ಟಿನ ಮೇಲೆ. ಎದುರಿನವರ ಗುಟ್ಟು ಬಿಚ್ಚುವ ಉಪಕರಣವನ್ನು ಡೀಲರ್ ಕೂಡಲೇ ಕೊಳ್ಳುತ್ತಾನೆ, ತನ್ನ ಗುಟ್ಟು ಬಿಚ್ಚುವುದನ್ನು ಕಾನೂನು ಬಂದರೂ ಮುಂದೂಡುತ್ತಾನೆ. ಗುಟ್ಟು ಬೀದಿಯಿಂದ ಬೀದಿಗೆ ಬೇರೆ ಕಡೆ ಅಡಗಿರುತ್ತದೆ: ಬಸವನಗುಡಿಯಲ್ಲಿ ಮನೆಯೊಳಗೆ, ಚಾಮರಾಜಪೇಟೆಯಲ್ಲಿ ಎಂಜಿನ್ನಿನೊಳಗೆ, ಮಲ್ಲೇಶ್ವರದಲ್ಲಿ ಕಾಗದದೊಳಗೆ. ಒಂದೊಂದು ಬೀದಿಯೂ ಅದನ್ನು ಹೊರಗೆಳೆಯುವ ಸಾಧನವನ್ನಷ್ಟೇ ಆರಿಸಿಕೊಂಡಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕೆಸ್ 1957ರಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಬಗ್ಗೆ ಇಂಥದೇ ಪ್ರಶ್ನೆ ಕೇಳಿಕೊಂಡಿದ್ದರು. ಅಯೋವಾದ ರೈತರು ಬೇಗ ಒಪ್ಪಿದ ಬೀಜವನ್ನು ಅಲಬಾಮಾದವರು ವರ್ಷಗಳ ನಂತರ ಒಪ್ಪಿದರು. ಅಲಬಾಮಾದ ರೈತ ದಡ್ಡನಾಗಿರಲಿಲ್ಲ. ಅವನ ನೆಲಕ್ಕೆ ಹೊಂದುವ ತಳಿಯೇ ತಡವಾಗಿ ತಯಾರಾಯಿತು, ಏಕೆಂದರೆ ಬೀಜದವರು ಲಾಭ ಹೆಚ್ಚಿದ್ದ ಕಡೆ ಮೊದಲು ಹೋಗಿದ್ದರು. ಇನ್ನೊಂದು ಉದಾಹರಣೆ ನಮ್ಮ ಮಗ್ಗುಲಿನದೇ. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು ತೀರಗಳಿಗೆ ಒಂದೊಂದಾಗಿ ಮೊಬೈಲ್ ಬಂದಾಗ ಮೀನುಗಾರರು ಏನು ಮಾಡಿದರು ಎಂದು ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಬೂತಾಯಿ ತುಂಬಿದ ದೋಣಿಯಿಂದಲೇ ಫೋನ್ ಮಾಡಿ ಯಾವ ದಡದಲ್ಲಿ ಬೆಲೆ ಇದೆಯೋ ಅಲ್ಲಿಗೆ ಹೋದರು. ದಡದಿಂದ ದಡಕ್ಕೆ ಇದ್ದ ಬೆಲೆಯ ಅಂತರ ಕುಗ್ಗಿತು, ಮೀನು ಸಮುದ್ರಕ್ಕೆ ಸುರಿಯುವುದು ನಿಂತಿತು. ಮೀನು ಸಂಜೆಗೆ ಹಳಸುತ್ತದೆ, ಬೆಲೆ ಮುಚ್ಚಿಟ್ಟು ಕಾಯಲು ಆಗುವುದಿಲ್ಲ. ಹೊಂಗೆ ನೆರಳಿನ ಸ್ಯಾಂಟ್ರೊ ಆರು ತಿಂಗಳು ಕಾಯುತ್ತದೆ.

ಅದೇ ಕರಾವಳಿಯಲ್ಲಿ ಹಳೇ ಕಾರು ನೋಡುವ ಕ್ರಮವೂ ಬೇರೆ. ಕೆಎ-19, ಕೆಎ-20 ಗಾಡಿಯನ್ನು ಮೊದಲು ಎತ್ತಿ ತಳ ನೋಡುತ್ತಾರೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಸೇರಿ ತಿಂದದ್ದು ಅಲ್ಲಿರುತ್ತದೆ. ಕಾಸರಗೋಡಿನ ಕೆಎಲ್-14 ಗಾಡಿ ತಲಪಾಡಿ ದಾಟಿ ಈಚೆ ಮಾಲೀಕನಿಗೆ ಸೇರಬೇಕಾದರೆ ಎನ್‌ಒಸಿ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಹಾಗಾಗಿ ಗಡಿಯ ಬ್ರೋಕರುಗಳು ಕಾಗದದ ಆನ್‌ಲೈನ್ ಕೆಲಸದಲ್ಲಿ ಪಳಗಿಬಿಡುತ್ತಾರೆ. ಬೆಂಗಳೂರಿನ ಒಣ ಹವೆಯ, ತುಕ್ಕು ಕಾಣದ ಕೆಎ-05 ಗಾಡಿ ತುಮಕೂರು, ಚಿಂತಾಮಣಿ, ಹಾಸನದ ಕಡೆ ಹೋಗುತ್ತಲೇ ಇರುತ್ತದೆ. ಅಲ್ಲಿಂದ ಬರುವ ಗಿರಾಕಿ ಎಷ್ಟು ವಿಡಿಯೊ ಕಳಿಸಿದರೂ ಜೊತೆಗೊಬ್ಬ ಮೆಕ್ಯಾನಿಕ್ ಭಾವಮೈದನನ್ನು ಕರೆದುಕೊಂಡೇ ಬರುತ್ತಾನೆ. ಡೆಲ್ಲಿ ಗಾಡಿ ಎಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನ ಓಡಿಸಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಅವು ದಕ್ಷಿಣದ ಕಡೆ ಮುಖ ಮಾಡಿದವು. ನಂಬರ್ ಹಾಕಿದರೆ ಎಂಪರಿವಾಹನ್ ಆ್ಯಪಿನಲ್ಲಿ ಮಾಲೀಕರ ಹೆಸರು ನಕ್ಷತ್ರಗಳ ಹಿಂದೆ ಅರ್ಧ ಮರೆಯಾಗಿ, ಇವರು ಎಷ್ಟನೆಯ ಮಾಲೀಕ ಎಂಬುದು ಪೂರ್ತಿ ಕಾಣುತ್ತದೆ. ಮೂರೂ ಬಡಾವಣೆಯಲ್ಲಿ, ಡೈರಿಯವರೂ ಸೇರಿ, ಎಲ್ಲರ ಮೊಬೈಲಿನಲ್ಲೂ ನಾನು ಕಂಡ ಒಂದೇ ಸರ್ಕಾರಿ ಆ್ಯಪು ಅದು. ಎದುರಿನವರ ಗುಟ್ಟಲ್ಲವೆ!

ಇನ್ನೊಂದು ಬದಿಯ ಕಥೆ ನಿಧಾನದ್ದು. ಈ ವ್ಯಾಪಾರದ ಹಳೆಯ ಪದ್ಧತಿ ಎಂದರೆ ಮಾರುವವರಿಂದ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಳ್ಳುವುದು. ಕೊಂಡವನ ಹೆಸರಿನ ಜಾಗ ಖಾಲಿ. ಗಾಡಿ ಡೀಲರನಿಂದ ಡೀಲರಿಗೆ ಎಷ್ಟು ಕೈ ಬದಲಾದರೂ ಆರ್‌ಸಿಯಲ್ಲಿ ‘ಸಿಂಗಲ್ ಓನರ್’ ಆಗಿಯೇ ಉಳಿಯುತ್ತದೆ. ಮಾರಿದ್ದನ್ನು ರಾಜ್ಯದೊಳಗಾದರೆ 14 ದಿನದಲ್ಲಿ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ, ಪಾಲಿಸುವವರು ಕಡಿಮೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು: ಗಾಡಿ ಎಷ್ಟು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಅಂದರೆ ಚಿಂತಾಮಣಿಯ ರಸ್ತೆಯಲ್ಲಿ ನಡೆದ ಅಪಘಾತದ ನೋಟಿಸು ಬಸವನಗುಡಿಯ ರಾಯರ ಮನೆಗೆ ಬರಬಹುದು. ಈ ತೂತು ಮುಚ್ಚಲೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಂದಿತು. 2023ರ ಏಪ್ರಿಲ್‌ನಿಂದ ಜಾರಿ. ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ಕೈಗೆ ಬಂದಿದ್ದನ್ನು ಆನ್‌ಲೈನಿನಲ್ಲಿ ತಿಳಿಸಬೇಕು, ಅಲ್ಲಿಂದಾಚೆ ಅದರ ಹೊಣೆ ಅವನದು, ಗಾಡಿ ಹೊರಗೆ ಹೋದದ್ದು ಬಂದದ್ದನ್ನು ಎಲೆಕ್ಟ್ರಾನಿಕ್ ರಿಜಿಸ್ಟರಿನಲ್ಲಿ ಬರೆಯಬೇಕು. ಈ ಬಗ್ಗೆ ವಿಚಾರಿಸಿದರೆ ಮಲ್ಲೇಶ್ವರದ ಮಹಡಿಯವರು ಗೋಡೆಯ ಮೇಲಿನ ಒಂದು ಫ್ರೇಮಿನ ಕಡೆ ಕೈ ತೋರಿಸುತ್ತಾರೆ. ಚಾಮರಾಜಪೇಟೆಯವರು ‘ನಾವು ಗ್ಯಾರೇಜಿನವರು’ ಎನ್ನುತ್ತಾರೆ. ಡಿವಿಜಿ ರಸ್ತೆಯವರು ಕಾಫಿ ಹೇಳುತ್ತಾರೆ. ಜಿಎಸ್‌ಟಿಯ ಮಾತೆತ್ತಿದರೂ ಹೀಗೇ. ಡೀಲರನ ಲಾಭಾಂಶದ ಮೇಲೆ ಎಲ್ಲ ಹಳೇ ಕಾರಿಗೂ ಶೇ. 18 ಎಂದು 2024ರ ಡಿಸೆಂಬರಿನಲ್ಲಿ ಮಂಡಳಿ ತೀರ್ಮಾನಿಸಿತಲ್ಲ, ಅದಕ್ಕೆ ಮೊದಲು ಲಾಭ ಎಷ್ಟೆಂದು ಬರೆಯಬೇಕಲ್ಲ.

2015ರಲ್ಲಿ ಹುಟ್ಟಿದ ಕಾರ್ಸ್24, ಸ್ಪಿನ್ನಿಗಳು ಬಂದಾಗ ಬೀದಿಯವರು ಅಳಿಯುತ್ತಾರೆ ಎಂದು ಹೇಳಿದವರಿದ್ದರು. ನಾನು ನೋಡಿದ್ದು ಬೇರೆ. ಕಾರ್ಸ್24 ಮನೆಗಳಿಂದ ಕೊಂಡ ಗಾಡಿಗಳನ್ನು ಡೀಲರುಗಳಿಗೇ ಹರಾಜಿನಲ್ಲಿ ಮಾರುವ ದಾರಿ ಹಿಡಿಯಿತು. ಒಂದು ಕಾಲಕ್ಕೆ ಎದುರು ಮನೆಯ ಗೇಟಿನಿಂದ ಕೈಗೆ ಬರುತ್ತಿದ್ದ ವ್ಯಾಗನ್ ಆರ್ ಈಗ ಊರು ಸುತ್ತಿ, ಹರಾಜಿನ ಪರದೆಯಲ್ಲಿ ತಪಾಸಣೆಯ ವರದಿ ಸಮೇತ ಅದೇ ಬೀದಿಯ ಬ್ರೋಕರಿಗೆ ಕಾಣಿಸುತ್ತದೆ. ಫೋಟೊದಲ್ಲಿನ ಕಾಂಪೌಂಡ್ ಗುರುತು ಹಿಡಿದು ‘ಇದು ನಮ್ಮ ನೆಟ್ಟಕಲ್ಲಪ್ಪ ಸರ್ಕಲ್ ಮನೇದು ಸ್ವಾಮಿ, ಗೊತ್ತು ನಂಗೆ’ ಎಂದು ಧೈರ್ಯವಾಗಿ ಬಿಡ್ ಕೂಗಿದ ಹಿರಿಯರನ್ನು ನೋಡಿದ್ದೇನೆ. ಬಿಡ್ ಒತ್ತಿದ್ದು ಮೊಮ್ಮಗ.

ಈಗ ಗಲ್ಲಿಗಳಿಗೆ ಹೊಸ ಜಾತಿಯೊಂದು ಬರತೊಡಗಿದೆ, ಹಸಿರು ನಂಬರ್ ಪ್ಲೇಟಿನದು. ವಿದ್ಯುತ್ ಕಾರು ಈ ಊರಿಗೆ ಹೊಸದಲ್ಲ. ಬೆಂಗಳೂರಿನಲ್ಲೇ ತಯಾರಾದ ರೇವಾ 2001ರಲ್ಲಿ ರಸ್ತೆಗಿಳಿಯಿತು, 2010ರಲ್ಲಿ ಮಹೀಂದ್ರದವರ ಪಾಲಾಯಿತು. ಬಸವನಗುಡಿ, ಮಲ್ಲೇಶ್ವರದ ಮರಗಳ ಕೆಳಗೆ ಸತ್ತ ರೇವಾಗಳು ಹಲವು ಮಳೆಗಾಲ ನಿಂತಿದ್ದವು. ಹಳೇ ಕಾರಿನವರು ಅದನ್ನು ಮುಟ್ಟುತ್ತಿರಲಿಲ್ಲ. ಚಾಮರಾಜಪೇಟೆಯ ಶೆಡ್ಡಿನವರು ಮಾತ್ರ ಒಂದೆರಡನ್ನು ಬದುಕಿಸಿದ್ದರಂತೆ. ‘ಸೀಟ್ ಕೆಳಗೆ ಆರು ವೋಲ್ಟಿನ ಎಂಟು ಬ್ಯಾಟರಿ ಭಾಯ್. ಮಲ್ಟಿಮೀಟರ್ ಇಟ್ಟು ಒಂದೊಂದೇ ನೋಡ್ತಿದ್ವಿ, ಹೋಗಿದ್ದು ಬದಲಾಯಿಸ್ತಿದ್ವಿ. ಈಗಿಂದು ಪೂರ್ತಿ ಸೀಲು. ಎಷ್ಟು ಜೀವ ಉಳಿದಿದೆ ಅಂತ ಕಂಪ್ನಿಯ ಸಾಫ್ಟ್‌ವೇರೇ ಹೇಳ್ಬೇಕು, ನಮ್ಮ ಡಬ್ಬಿ ಓದಲ್ಲ’ ಎಂದ ಆ ಹುಡುಗ. ಓದುವ ಡಬ್ಬಿ ಎಸ್‌ಪಿ ರಸ್ತೆಗೆ ಬಂದಿದೆಯೇ ಎಂದು ಆಗಾಗ ಹೋಗಿ ವಿಚಾರಿಸುತ್ತಾನಂತೆ. ಮಲ್ಲೇಶ್ವರದ ಬ್ರೋಕರಿಗೆ ಬ್ಯಾಟರಿಯ ಸರ್ಟಿಫಿಕೇಟ್ ಇಲ್ಲದಿದ್ದರೆ ಫೈನಾನ್ಸ್ ಆಗುವುದಿಲ್ಲವೆಂಬ ಚಿಂತೆ. ಡಿವಿಜಿ ರಸ್ತೆಯ ಹಿರಿಯರ ಬಳಿ ಮೊನ್ನೆ ಒಬ್ಬರು ಮೂರು ವರ್ಷದ ವಿದ್ಯುತ್ ಕಾರು ಮಾರಿಸಿಕೊಡಿ ಎಂದು ಬಂದಿದ್ದರು. ಇವರು ಗಾಡಿಯನ್ನು ನೋಡಲೇ ಇಲ್ಲ. ಪೆನ್ನಿನ ಮುಚ್ಚಳ ತೆಗೆದು ಕೇಳಿದರು: ‘ದಿನಾ ರಾತ್ರಿ ಮನೇಲೇ ಚಾರ್ಜ್ ಹಾಕ್ತಿದ್ರಾ, ಇಲ್ಲಾ ಹೊರಗೆ ಫಾಸ್ಟ್ ಚಾರ್ಜರಲ್ಲಾ?’